ಆನ್‌ಲೈನ್ ಹೈಸ್ಕೂಲಿನಿಂದ ಬೇರೆ ರಾಜ್ಯದ ವಿಶ್ವವಿದ್ಯಾಲಯಕ್ಕೆ: ಅಮೆರಿಕದಲ್ಲಿ ಅರ್ಜಿ ಹಾಕುವವರಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತವೆ. ಅಲ್ಲಿಂದ ಬೆಂಗಳೂರಿಗೋ ಮೈಸೂರಿಗೋ ಮರಳಿ ಬಂದು, ಮಕ್ಕಳ ಓದನ್ನು ಅಮೆರಿಕದ ಆನ್‌ಲೈನ್ ಶಾಲೆಯಲ್ಲೇ ಮುಂದುವರಿಸಿರುವವರ ಪ್ರಶ್ನೆಯೂ ಅದೇ: "ಮಗಳು ಓದುತ್ತಿರುವುದು ಆನ್‌ಲೈನ್ ಹೈಸ್ಕೂಲಿನಲ್ಲಿ. ಬೇರೆ ರಾಜ್ಯದ ವಿಶ್ವವಿದ್ಯಾಲಯಗಳು ಅವಳ ಅರ್ಜಿಯನ್ನು ಗಂಭೀರವಾಗಿ ನೋಡುತ್ತವೆಯೇ?"

ನೋಡುತ್ತವೆ. ಶಾಲೆ ಆನ್‌ಲೈನ್ ಎಂಬ ಒಂದೇ ಕಾರಣಕ್ಕೆ ಅರ್ಜಿ ಬದಿಗೆ ಬೀಳುವುದಿಲ್ಲ. ತೊಡಕಿರುವುದು ಬೇರೆ ಕಡೆ. ಊರಿನ ಸಾಮಾನ್ಯ ಹೈಸ್ಕೂಲಿನಲ್ಲಿ ಅರ್ಜಿಯ ಅರ್ಧ ಕೆಲಸವನ್ನು ಶಾಲೆಯ ಕಚೇರಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಆನ್‌ಲೈನ್ ಶಾಲೆಯಲ್ಲಿ ಪ್ರತಿಯೊಂದು ಕಾಗದವನ್ನೂ ನೀವೇ ಕೇಳಿ ಪಡೆಯಬೇಕು, ಕಳುಹಿಸಿದರೋ ಇಲ್ಲವೋ ಎಂದು ನೀವೇ ನೋಡಬೇಕು. ಜೊತೆಗೆ ಬೇರೆ ರಾಜ್ಯ ಎಂದರೆ ಶುಲ್ಕದ ಲೆಕ್ಕವೇ ಬೇರೆ. ಹೆಚ್ಚಿನವರು ಮೊದಲು ವಿಶ್ವವಿದ್ಯಾಲಯಗಳ ಹೆಸರುಗಳನ್ನು ಪಟ್ಟಿ ಮಾಡಿ, ಹಣದ ವಿಚಾರವನ್ನು ಪ್ರವೇಶ ಪತ್ರ ಬಂದ ಮೇಲೆ ತೆಗೆಯುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ.

ಮಕ್ಕಳು ಇಷ್ಟುದ್ದದ ಕನ್ನಡ ಲೇಖನ ಓದುತ್ತಾರೆಂಬ ಭ್ರಮೆ ನನಗಿಲ್ಲ. ಹಾಗಾಗಿ ತಂದೆತಾಯಂದಿರನ್ನು ಉದ್ದೇಶಿಸಿಯೇ ಬರೆಯುತ್ತಿದ್ದೇನೆ. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಮೊದಲ ಮೂರು ಹಂತಗಳನ್ನು ಮುಗಿಸಿದ್ದರೆ ಮುಂದಿನದು ಸಲೀಸು.

1. ಶಾಲೆಯ ಮಾನ್ಯತೆಯನ್ನು ನೀವೇ ಪರೀಕ್ಷಿಸಿ

ಮಾನ್ಯತೆ ಎಂದರೆ, ಈ ಶಾಲೆಯ ಪಾಠ, ಶಿಕ್ಷಕರು, ದಾಖಲೆಗಳು ಒಂದು ಮಟ್ಟದಲ್ಲಿವೆ ಎಂದು ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿರುವುದು. ಅಮೆರಿಕದ ಹೈಸ್ಕೂಲುಗಳಿಗೆ ಮಾನ್ಯತೆ ಕೊಡುವ ಹೆಸರಾಂತ ಸಂಸ್ಥೆಗಳು ಕೆಲವೇ: ಕಾಗ್ನಿಯಾ, ಪಶ್ಚಿಮದ ರಾಜ್ಯಗಳಲ್ಲಿ ವಾಸ್ಕ್, ಪೂರ್ವದಲ್ಲಿ ಮಿಡಲ್ ಸ್ಟೇಟ್ಸ್, ನ್ಯೂ ಇಂಗ್ಲೆಂಡ್ ಭಾಗದಲ್ಲಿ ನೀಯಾಸ್ಕ್. ಶಾಲೆಯ ಜಾಲತಾಣದಲ್ಲಿ ಲಾಂಛನವೊಂದು ಹೊಳೆಯುತ್ತಿದ್ದರೆ ಸಾಲದು. ಮಾನ್ಯತೆ ಕೊಟ್ಟ ಸಂಸ್ಥೆಯ ಜಾಲತಾಣಕ್ಕೇ ಹೋಗಿ ಶಾಲೆಯ ಹೆಸರು ಹುಡುಕಿ. ಕೇಳರಿಯದ ಸಂಸ್ಥೆಯ ಮಾನ್ಯತೆ ತೋರಿಸಿ, ಕೆಲವೇ ವಾರಗಳಲ್ಲಿ ಡಿಪ್ಲೊಮಾ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ) ಕೊಡುತ್ತೇವೆನ್ನುವ ಅಂಗಡಿಗಳೂ ಇವೆ. ಅಂಥ ಕಾಗದವನ್ನು ಪ್ರವೇಶ ಕಚೇರಿ ಒಪ್ಪುವುದಿಲ್ಲ.

ಎರಡನೆಯದಾಗಿ, ಅದು ಡಿಪ್ಲೊಮಾ ಕೊಡುವ ಪೂರ್ಣಾವಧಿ ಶಾಲೆಯೋ ಅಥವಾ ಬಿಡಿ ವಿಷಯಗಳನ್ನು ಕಲಿಸುವ ವ್ಯವಸ್ಥೆಯೋ ಎಂದು ಕೇಳಿ. 2006ರಲ್ಲಿ ಆರಂಭವಾದ ಸ್ಟ್ಯಾನ್‌ಫರ್ಡ್ ಆನ್‌ಲೈನ್ ಹೈಸ್ಕೂಲು, ಅಂಚೆ ಶಿಕ್ಷಣದ ಕಾಲದಿಂದ ನಡೆದು ಬಂದ ನೆಬ್ರಾಸ್ಕ ವಿಶ್ವವಿದ್ಯಾಲಯದ ಹೈಸ್ಕೂಲು ತಾವೇ ಡಿಪ್ಲೊಮಾ ಕೊಡುತ್ತವೆ. 1997ರಲ್ಲಿ ಶುರುವಾದ ಫ್ಲೋರಿಡಾ ವರ್ಚುವಲ್ ಶಾಲೆಯಲ್ಲಿ ಎರಡೂ ಬಗೆಯ ವಿದ್ಯಾರ್ಥಿಗಳಿದ್ದಾರೆ: ಪೂರ್ತಿ ಅಲ್ಲೇ ಓದುವವರು, ತಮ್ಮ ಶಾಲೆಯ ಜೊತೆಗೆ ಒಂದೆರಡು ವಿಷಯ ಮಾತ್ರ ತೆಗೆದುಕೊಳ್ಳುವವರು. ಬಿಡಿ ವಿಷಯ ಮಾತ್ರ ಓದಿದವರಿಗೆ ಅಂತಿಮ ಅಂಕಪಟ್ಟಿ ಬರಬೇಕಾದದ್ದು ಮೂಲ ಶಾಲೆಯಿಂದ.

ಶಾಲೆಗೆ ಆರು ಅಂಕಿಗಳ ಸೀಬ್ ಸಂಖ್ಯೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಗೆ ಹೆಸರು ನೋಂದಾಯಿಸುವಾಗಲೂ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಶಾಲೆಯನ್ನು ಆರಿಸುವಾಗಲೂ ಅದೇ ಗುರುತು.

2. ನೀವು ಯಾವ ರಾಜ್ಯದವರು?

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಶಾಲೆಯ ವಿಳಾಸ ನಿಮ್ಮ ವಿಳಾಸವಲ್ಲ. ನ್ಯೂಜೆರ್ಸಿಯ ಮನೆಯಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಆನ್‌ಲೈನ್ ಶಾಲೆಯಲ್ಲಿ ಓದಿದ ಹುಡುಗ ಕ್ಯಾಲಿಫೋರ್ನಿಯಾದವನಾಗುವುದಿಲ್ಲ. ರಾಜ್ಯದ ನಿವಾಸಿ ಎಂಬ ಅರ್ಹತೆ ಸಾಮಾನ್ಯವಾಗಿ ತಂದೆತಾಯಿ ಎಲ್ಲಿ ನೆಲೆಸಿದ್ದಾರೆ, ಎಲ್ಲಿ ತೆರಿಗೆ ಕಟ್ಟುತ್ತಾರೆ ಎಂಬುದರಿಂದ ತೀರ್ಮಾನವಾಗುತ್ತದೆ. ಬಹುತೇಕ ರಾಜ್ಯಗಳು ಓದು ಶುರುವಾಗುವ ಮುನ್ನ ಹನ್ನೆರಡು ತಿಂಗಳ ವಾಸ ಕೇಳುತ್ತವೆ.

ಭಾರತಕ್ಕೆ ಮರಳಿರುವ ಕುಟುಂಬಗಳು ಇನ್ನೊಂದನ್ನು ತಿಳಿದಿರಬೇಕು. ಮಗುವಿಗೆ ಅಮೆರಿಕದ ಪೌರತ್ವ ಇದ್ದರೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಜಿ ಹಾಕಬಹುದು. ಆದರೆ ಪೌರತ್ವ ಬೇರೆ, ರಾಜ್ಯದ ನಿವಾಸ ಬೇರೆ. ಜಯನಗರದಲ್ಲಿ ಮನೆ ಮಾಡಿಕೊಂಡಿರುವ ಅಮೆರಿಕದ ಪ್ರಜೆಗೆ ಸಾಮಾನ್ಯವಾಗಿ ಐವತ್ತೂ ರಾಜ್ಯಗಳು ಹೊರರಾಜ್ಯಗಳೇ.

ಎಚ್-4 ವೀಸಾದ (ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳ ಸ್ಥಿತಿ ಇದಕ್ಕೆ ತಿರುಗುಮುರುಗು. ತಾವು ವಾಸಿಸುವ ರಾಜ್ಯದಲ್ಲಿ ನಿವಾಸಿಗಳ ಶುಲ್ಕ ಪಡೆಯಲು ಹಲವು ರಾಜ್ಯಗಳು ಅವರಿಗೆ ಅವಕಾಶ ಕೊಡುತ್ತವೆ, ಕೇಂದ್ರದ ನೆರವು ಮಾತ್ರ ಸಿಗುವುದಿಲ್ಲ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಮತ್ತು ಅದು ಬರುವುದು ಹೆಚ್ಚಾಗಿ ಪದವಿಯ ಮಧ್ಯದಲ್ಲಿ. ವೀಸಾ ಬದಲಾದರೆ ಶುಲ್ಕ, ವಿದ್ಯಾರ್ಥಿವೇತನ ಎರಡೂ ಏನಾಗುತ್ತವೆ ಎಂದು ಪಟ್ಟಿಯಲ್ಲಿರುವ ಪ್ರತಿಯೊಂದು ವಿಶ್ವವಿದ್ಯಾಲಯಕ್ಕೂ ಮಿಂಚಂಚೆ ಬರೆದು ಕೇಳಿ. ಫೋನಿನಲ್ಲಿ ಸಿಕ್ಕ ಉತ್ತರಕ್ಕೆ ನಾಳೆ ಬೆಲೆಯಿಲ್ಲ. ಬರಹದಲ್ಲಿ ಪಡೆಯಿರಿ.

3. ಹೆಸರಿಗಿಂತ ಮೊದಲು ಹಣದ ಲೆಕ್ಕ

ಸರ್ಕಾರಿ ವಿಶ್ವವಿದ್ಯಾಲಯಗಳು ಹೊರರಾಜ್ಯದವರಿಂದ ಹೆಚ್ಚು ಶುಲ್ಕ ಪಡೆಯುತ್ತವೆ. ಎಷ್ಟು ಹೆಚ್ಚು ಎಂಬುದಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. ಅಲ್ಲಿ ಎಲ್ಲರೂ ಕಟ್ಟುವ ಶುಲ್ಕದ ಮೇಲೆ ಹೊರಗಿನವರು ಕಟ್ಟುವ ಹೆಚ್ಚುವರಿ ಮೊತ್ತವೇ ವರ್ಷಕ್ಕೆ 34 ಸಾವಿರ ಡಾಲರ್ ದಾಟುತ್ತದೆ. ಊಟ, ವಸತಿ ಆಮೇಲಿನ ಮಾತು.

ಈ ಹೊರೆ ಇಳಿಸುವ ದಾರಿಗಳು ಇವೆ, ಆದರೆ ಯಾರೂ ಕರೆದು ಹೇಳುವುದಿಲ್ಲ. ಪಶ್ಚಿಮದ ರಾಜ್ಯಗಳ ನಡುವೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಎಂಬ ಒಪ್ಪಂದವಿದೆ. ಅದರಡಿ ನೆರೆರಾಜ್ಯದ ವಿದ್ಯಾರ್ಥಿ ಕಟ್ಟುವ ಬೋಧನಾ ಶುಲ್ಕ ಅಲ್ಲಿನವರ ಶುಲ್ಕದ ಒಂದೂವರೆ ಪಟ್ಟನ್ನು ಮೀರುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ಆಗಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವಾಗಲಿ ಇದರಲ್ಲಿಲ್ಲ. ಅರಿಜೋನಾ, ಯೂಟಾ, ಒರೆಗಾನ್ ಕಡೆಯ ಹಲವು ಕ್ಯಾಂಪಸ್‌ಗಳಿವೆ, ಅವುಗಳಲ್ಲೂ ಕೆಲವು ವಿಷಯಗಳಿಗೆ ಮಾತ್ರ ಅನ್ವಯ. ದಕ್ಷಿಣದ ರಾಜ್ಯಗಳಲ್ಲಿ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ. ನಿಮ್ಮ ರಾಜ್ಯದಲ್ಲಿ ಇಲ್ಲದ ಪದವಿಯನ್ನು ಇನ್ನೊಂದು ಸದಸ್ಯ ರಾಜ್ಯದಲ್ಲಿ ಅಲ್ಲಿನವರ ದರದಲ್ಲೇ ಓದುವ ವ್ಯವಸ್ಥೆ ಅದು. ಮಧ್ಯಪಶ್ಚಿಮಕ್ಕೂ ನ್ಯೂ ಇಂಗ್ಲೆಂಡಿಗೂ ಇಂಥದ್ದೇ ಒಪ್ಪಂದಗಳಿವೆ. ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳು ತಮ್ಮಷ್ಟಕ್ಕೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿವೆ. ಈ ಎಲ್ಲಕ್ಕೂ ಸದಸ್ಯ ರಾಜ್ಯದ ನಿವಾಸಿಯಾಗಿರಬೇಕು, ಆದ್ದರಿಂದ ಭಾರತದಲ್ಲಿ ಕುಳಿತವರಿಗೆ ಇವು ಒದಗುವುದಿಲ್ಲ.

ಪ್ರತಿಭೆಯ ಆಧಾರದ ವಿದ್ಯಾರ್ಥಿವೇತನ ಬೇರೆ ದಾರಿ. ಅಲಬಾಮಾ ವಿಶ್ವವಿದ್ಯಾಲಯ ಹೊರರಾಜ್ಯದವರಿಗೆ ಯಾವ ಜಿಪಿಎ (ಗ್ರೇಡ್‌ಗಳ ಸರಾಸರಿ), ಯಾವ ಎಸ್‌ಎಟಿ ಅಂಕಕ್ಕೆ ಎಷ್ಟು ಹಣ ಎಂಬ ಕೋಷ್ಟಕವನ್ನೇ ಪ್ರಕಟಿಸುತ್ತದೆ. ಟೆಕ್ಸಸ್‌ನಲ್ಲಿ ಕನಿಷ್ಠ ಸಾವಿರ ಡಾಲರಿನ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಪಡೆದ ಹೊರಗಿನವರಿಗೆ ವಿಶ್ವವಿದ್ಯಾಲಯ ಒಪ್ಪಿದರೆ ರಾಜ್ಯದವರ ದರವೇ ಸಿಗಬಹುದು.

ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕೆಂಬುದು ಅಮೆರಿಕದ ಕಾನೂನು. ಮನೆಯ ಆದಾಯ ಹಾಕಿದರೆ ಅಂದಾಜು ಖರ್ಚು ತೋರಿಸುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳದ್ದರಲ್ಲಿ ಹೊರರಾಜ್ಯದವರು ಎಂಬ ಆಯ್ಕೆಯನ್ನು ಒತ್ತಿದ್ದೀರಾ ನೋಡಿಕೊಳ್ಳಿ. ಒತ್ತದಿದ್ದರೆ ಬರುವ ಮೊತ್ತ ನೋಡಿ ಸುಮ್ಮನೆ ಖುಷಿಪಡಬೇಕಷ್ಟೆ.

4. ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ನಿಯಮ ಬರೆಯಿರಿ

ಹೊರರಾಜ್ಯದವರಿಗೆ ಅರ್ಹತೆಯ ಗೆರೆಯೂ ಹಲವು ಕಡೆ ಮೇಲಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ರಾಜ್ಯದವರಿಗೆ ಕನಿಷ್ಠ ಜಿಪಿಎ 3.0, ಹೊರಗಿನವರಿಗೆ 3.4. ಇದು ಅರ್ಜಿ ಹಾಕಲು ಬೇಕಾದ ಕನಿಷ್ಠ. ಪ್ರವೇಶ ಪಡೆದವರ ಅಂಕ ಇದಕ್ಕಿಂತ ಬಹಳ ಮೇಲಿರುತ್ತದೆ. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಮೊದಲ ವರ್ಷಕ್ಕೆ ಹೊರರಾಜ್ಯದವರನ್ನು ಶೇ. 18ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತರಗತಿಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ತಾನಾಗಿ ಸೀಟು ಕೊಡುವ ಟೆಕ್ಸಸ್‌ನ ನೇರ ಪ್ರವೇಶ ಪದ್ಧತಿ ಅಲ್ಲಿನ ಹೈಸ್ಕೂಲು ಮುಗಿಸಿದವರಿಗೆ. ಅದನ್ನು ನಂಬಿ ನಿಮ್ಮ ಲೆಕ್ಕ ಹಾಕಬೇಡಿ.

ಎಸ್‌ಎಟಿ ವಿಚಾರದಲ್ಲಿ ಒಂದೊಂದು ಕಡೆ ಒಂದೊಂದು ನ್ಯಾಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ. ಜಾರ್ಜಿಯಾ ಟೆಕ್, ಫ್ಲೋರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು, ಪರ್ಡ್ಯೂ, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಪರೀಕ್ಷೆ ಬೇಕೇ ಬೇಕು ಎನ್ನುತ್ತವೆ. ಎಸ್‌ಎಟಿ ಐಚ್ಛಿಕ ಎಂದಿರುವ ಕಡೆಯೂ ನಿಮ್ಮ ಮಗಳು ಅದನ್ನು ಬರೆಯುವುದು ಒಳಿತೆಂದು ನನ್ನ ಅಭಿಪ್ರಾಯ. ಪ್ರವೇಶ ಅಧಿಕಾರಿಗೆ ಅಪರಿಚಿತವಾದ ಶಾಲೆಯಿಂದ ಬಂದ ಅಂಕಗಳಿಗೆ ಹೊರಗಿನ ಸಾಕ್ಷಿಯೊಂದು ಜೊತೆಗಿದ್ದರೆ ಓದುವವರ ಅನುಮಾನ ಕಡಿಮೆಯಾಗುತ್ತದೆ.

5. ಕೌನ್ಸೆಲರ್ ಮತ್ತು ಶಾಲೆಯ ಪರಿಚಯ ಪತ್ರ

ಕಾಮನ್ ಆ್ಯಪ್ ಎಂಬುದು ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವ್ಯವಸ್ಥೆ. ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ವಿದ್ಯಾರ್ಥಿ ತುಂಬುವ ಭಾಗ ಒಂದು, ಶಾಲೆ ತುಂಬುವ ಭಾಗ ಇನ್ನೊಂದು. ಶಾಲೆಯ ವರದಿ, ಅಂಕಪಟ್ಟಿ, ಶಾಲೆಯ ಸಲಹೆಗಾರರಾದ ಕೌನ್ಸೆಲರ್ ಶಿಫಾರಸು, ಚಳಿಗಾಲದಲ್ಲಿ ಅರ್ಧವಾರ್ಷಿಕ ವರದಿ, ಕೊನೆಗೆ ಅಂತಿಮ ವರದಿ. ಇವೆಲ್ಲ ಕೌನ್ಸೆಲರ್ ಕೈಯಿಂದಲೇ ಹೋಗಬೇಕು. ಅವರು ನಿಮ್ಮ ಮಗಳನ್ನು ಎಂದೂ ಎದುರಿಗೆ ಕಂಡಿರುವುದಿಲ್ಲ.

ಹನ್ನೊಂದನೇ ತರಗತಿಯ ಜನವರಿ ಹೊತ್ತಿಗೆ ಮಗಳು ಕೌನ್ಸೆಲರ್ ಜೊತೆ ವೀಡಿಯೊ ಭೇಟಿ ನಿಗದಿಪಡಿಸಲಿ. ಮಗಳು, ನೀವಲ್ಲ. ತಂದೆಯೇ ಬರೆದ ಮಿಂಚಂಚೆಗಳು ಸಾಲುಸಾಲಾಗಿ ಬರುತ್ತಿದ್ದರೆ ಶಿಫಾರಸು ಪತ್ರದಲ್ಲಿ ಆ ಹುಡುಗಿಯ ಬಗ್ಗೆ ಬರೆಯಲು ಅವರಿಗೆ ಏನೂ ಉಳಿಯುವುದಿಲ್ಲ. ಆ ಭೇಟಿಯಲ್ಲಿ ಕೇಳಬೇಕಾದವು:

– ನನ್ನ ಅಂಕಪಟ್ಟಿಯನ್ನು ಯಾವ ವ್ಯವಸ್ಥೆಯ ಮೂಲಕ ಕಳುಹಿಸುತ್ತೀರಿ, ಎಷ್ಟು ದಿನ ಮೊದಲು ಕೋರಿಕೆ ಕೊಡಬೇಕು?
– ಶಾಲೆಯ ಪರಿಚಯ ಪತ್ರ ಇದೆಯೇ? ನಾನು ನೋಡಬಹುದೇ?
– ಡಿಸೆಂಬರ್ ರಜೆಯಲ್ಲಿ ಕಚೇರಿ ಯಾವ ದಿನ ಮುಚ್ಚುತ್ತದೆ?

ಮೂರನೆಯದು ಸಣ್ಣದೆನಿಸಬಹುದು. ಜನವರಿ 1ರ ಗಡುವು ಇಟ್ಟುಕೊಂಡು ಡಿಸೆಂಬರ್ 22ಕ್ಕೆ ಕೋರಿಕೆ ಕಳುಹಿಸಿದವರಿಗೆ ಅದರ ಬೆಲೆ ಗೊತ್ತಿದೆ.

ಶಾಲೆಯ ಪರಿಚಯ ಪತ್ರ ಎಂದರೆ ಶಾಲೆಯನ್ನು ಪ್ರವೇಶ ಅಧಿಕಾರಿಗೆ ವಿವರಿಸುವ ಒಂದೆರಡು ಪುಟ. ಎಷ್ಟು ವಿದ್ಯಾರ್ಥಿಗಳು, ತರಗತಿಗಳು ನೇರ ಪ್ರಸಾರವೋ ಸ್ವಂತ ವೇಗದವೋ (ವಿದ್ಯಾರ್ಥಿ ತನಗೆ ಬೇಕಾದಾಗ ಓದಿಕೊಳ್ಳುವಂಥವೋ), ಗ್ರೇಡ್ ಹೇಗೆ ಕೊಡುತ್ತಾರೆ, ಯಾವ ಎಪಿ (ಕಾಲೇಜು ಮಟ್ಟದ) ವಿಷಯಗಳಿವೆ, ತರಗತಿಯಲ್ಲಿ ಸ್ಥಾನ ಕೊಡುತ್ತಾರೋ ಇಲ್ಲವೋ ಎಂಬುದೆಲ್ಲ ಅದರಲ್ಲಿರುತ್ತದೆ. ಆನ್‌ಲೈನ್ ವಿದ್ಯಾರ್ಥಿಗೆ ಇದು ಶಿಫಾರಸು ಪತ್ರಕ್ಕಿಂತ ಮುಖ್ಯವಾದದ್ದು ಎನ್ನುವವನು ನಾನು. ಊರಿನ ಹೈಸ್ಕೂಲಿನ ಬಗ್ಗೆ ಆ ಭಾಗದ ಅರ್ಜಿಗಳನ್ನು ಓದುವ ಅಧಿಕಾರಿಗೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಶಾಲೆಯ ಬಗ್ಗೆ ಗೊತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು. "ಬಿ ಪ್ಲಸ್" ಎಂದರೆ ಆ ಶಾಲೆಯಲ್ಲಿ ಶೇ. 87ರಿಂದಲೋ 89ರಿಂದಲೋ ಎಂಬುದೂ ಅಲ್ಲೇ ತಿಳಿಯಬೇಕು. ಪತ್ರ ಹಳೆಯದಾಗಿದ್ದರೆ ಹೊಸದು ಮಾಡಿಸಲು ವಿನಯದಿಂದ ಒತ್ತಾಯಿಸಿ.

ಶಿಕ್ಷಕರ ಶಿಫಾರಸಿಗೆ ನೇರ ಪ್ರಸಾರದ ತರಗತಿ ತೆಗೆದುಕೊಳ್ಳುವವರನ್ನೇ ಆರಿಸಿ. ವರ್ಷವಿಡೀ ಕ್ಯಾಮೆರಾ ಮುಚ್ಚಿ ಕುಳಿತ ಹುಡುಗನ ಬಗ್ಗೆ ಯಾವ ಶಿಕ್ಷಕರೂ ಎರಡು ಸಾಲಿಗಿಂತ ಹೆಚ್ಚು ಬರೆಯಲಾರರು. ಭಾರತದಿಂದ ಮಧ್ಯರಾತ್ರಿ ತರಗತಿಗೆ ಕೂರುವ ಮಕ್ಕಳಿಗೆ ಇದು ಕಷ್ಟದ ಮಾತು, ಆದರೂ ಹೇಳದೆ ವಿಧಿಯಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಮಾತ್ರ ಹಾಕುವವರಿಗೆ ಈ ತಲೆನೋವಿಲ್ಲ. ಅದಕ್ಕೆ ಬೇರೆಯೇ ಅರ್ಜಿ, ಶಿಫಾರಸು ಪತ್ರಗಳನ್ನು ಸಾಮಾನ್ಯವಾಗಿ ಕೇಳುವುದಿಲ್ಲ.

6. ಅಂಕಪಟ್ಟಿಯನ್ನು ಅಪರಿಚಿತರ ಕಣ್ಣಿನಿಂದ ಓದಿ

ಹನ್ನೊಂದನೇ ತರಗತಿ ಮುಗಿದ ಕೂಡಲೇ ಅನಧಿಕೃತ ಪ್ರತಿ ತರಿಸಿಕೊಂಡು ಮೇಜಿನ ಮೇಲೆ ಹರಡಿ. ಕಾಣುವ ಸಾಮಾನ್ಯ ದೋಷಗಳು ಇವು. ಒಂಬತ್ತನೇ ತರಗತಿಯನ್ನು ಬೇರೆ ಶಾಲೆಯಲ್ಲಿ ಓದಿದ್ದರೆ ಆ ವಿಷಯಗಳ ಮುಂದೆ ಗ್ರೇಡ್ ಬದಲು "ವರ್ಗಾವಣೆ" ಎಂದಷ್ಟೇ ಇರುತ್ತದೆ. ಹಾಗಿದ್ದಲ್ಲಿ ಹಳೆಯ ಶಾಲೆಯ ಅಂಕಪಟ್ಟಿಯನ್ನೂ ಪ್ರತ್ಯೇಕವಾಗಿ ಕಳುಹಿಸಬೇಕು. ಸ್ವಂತ ವೇಗದ ಶಾಲೆಗಳಲ್ಲಿ ಅರ್ಧ ಮುಗಿದ ವಿಷಯದ ಮುಂದೆ "ಪ್ರಗತಿಯಲ್ಲಿದೆ" ಎಂಬ ಗುರುತು ತಿಂಗಳುಗಟ್ಟಲೆ ಕೂತಿರುತ್ತದೆ. ಡಿಸೆಂಬರ್‌ನಲ್ಲೂ ಅದೇ ಗುರುತಿದ್ದರೆ ಅರ್ಧವಾರ್ಷಿಕ ವರದಿಯಲ್ಲಿ ತೋರಿಸಲು ಗ್ರೇಡೇ ಇರುವುದಿಲ್ಲ. ಹನ್ನೆರಡನೇ ತರಗತಿಯ ವಿಷಯಗಳನ್ನು ಆಗಸ್ಟ್‌ನಲ್ಲೇ ಶುರು ಮಾಡಿ, ಡಿಸೆಂಬರ್ ಮಧ್ಯಕ್ಕೆ ಮೊದಲ ಭಾಗ ಮುಗಿಯುವಂತೆ ದಿನಾಂಕ ಹಾಕಿಕೊಳ್ಳಿ.

ವಿಜ್ಞಾನ ವಿಷಯಗಳಲ್ಲಿ ಪ್ರಯೋಗಾಲಯದ ಕೆಲಸ ಎಲ್ಲಿ ಮಾಡಿದಿರಿ ಎಂಬ ಪ್ರಶ್ನೆ ಏಳಬಹುದು. ಮನೆಗೆ ಬಂದ ಪ್ರಯೋಗದ ಪೆಟ್ಟಿಗೆಯ ವಿವರ, ಬರೆದ ವರದಿಗಳು, ವಿಷಯದ ಪಠ್ಯಕ್ರಮ ಇವನ್ನು ಎಸೆಯದೆ ಒಂದು ಕಡತದಲ್ಲಿಡಿ. ಕಾಲೇಜು ತಂಡದಲ್ಲಿ ಆಡುವ ಆಸೆಯಿರುವವರು ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಅರ್ಹತಾ ಕೇಂದ್ರದಲ್ಲಿ ತಮ್ಮ ಶಾಲೆಯ ಯಾವ ವಿಷಯಗಳಿಗೆ ಒಪ್ಪಿಗೆ ಇದೆ ಎಂದು ಒಂಬತ್ತನೇ ತರಗತಿಯಲ್ಲೇ ನೋಡಬೇಕು. ಶಿಕ್ಷಕರ ಸಂಪರ್ಕವಿಲ್ಲದ ಆನ್‌ಲೈನ್ ವಿಷಯಗಳನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಎರಡನೇ ಭಾಷೆ. ಹೆಚ್ಚಿನ ವಿಶ್ವವಿದ್ಯಾಲಯಗಳು ಇಂಗ್ಲಿಷಲ್ಲದ ಭಾಷೆಯನ್ನು ಎರಡು ವರ್ಷವಾದರೂ ಓದಿರಬೇಕೆನ್ನುತ್ತವೆ. ಮನೆಯಲ್ಲಿ ಕನ್ನಡ ಓದಲು ಬರೆಯಲು ಕಲಿತ ಮಕ್ಕಳಿಗೆ ಇಲ್ಲೊಂದು ಅವಕಾಶವಿದೆ. ಸ್ಟ್ಯಾಂಪ್ ಎಂಬ ಭಾಷಾ ಸಾಮರ್ಥ್ಯ ಪರೀಕ್ಷೆ ಕನ್ನಡದಲ್ಲೂ ಇದೆ, ವಾರಾಂತ್ಯದ ಕನ್ನಡ ಶಾಲೆಯ ಓದಿಗೆ ಹೈಸ್ಕೂಲಿನಲ್ಲೇ ಅಂಕ ಕೊಡುವ ಶಾಲಾ ಜಿಲ್ಲೆಗಳೂ ಇವೆ. ನಿಮ್ಮ ಆನ್‌ಲೈನ್ ಶಾಲೆ ಅದನ್ನು ಅಂಕಪಟ್ಟಿಗೆ ಸೇರಿಸುತ್ತದೆಯೇ, ನೀವು ಬಯಸಿದ ಕಾಲೇಜು ಒಪ್ಪುತ್ತದೆಯೇ ಎಂದು ಎರಡೂ ಕಡೆ ಕೇಳಿದ ಮೇಲೆಯೇ ಸ್ಪ್ಯಾನಿಷ್ ಬಿಡುವ ಯೋಚನೆ ಮಾಡಿ. ಮನೆಮಾತು ಬರೀ ಮಾತಾಗಿದ್ದು ಅಕ್ಷರ ಬಾರದಿದ್ದರೆ ಪರೀಕ್ಷೆ ದಾಟುವುದು ಕಷ್ಟ.

ಫ್ಲೋರಿಡಾ, ರಟ್ಗರ್ಸ್ ಮೊದಲಾದ ವಿಶ್ವವಿದ್ಯಾಲಯಗಳ ಅರ್ಜಿಯಲ್ಲಿ ವಿದ್ಯಾರ್ಥಿಯೇ ತನ್ನ ಎಲ್ಲ ವಿಷಯ, ಗ್ರೇಡ್‌ಗಳನ್ನು ಟೈಪಿಸಿ ಕೊಡಬೇಕು. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ. ನೆನಪಿನಿಂದ ತುಂಬಬೇಡಿ.

7. ಎಪಿ ಪರೀಕ್ಷೆಗೆ ಜಾಗ ಹುಡುಕುವುದು

ಎಪಿ ಎಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿ ಮೇ ತಿಂಗಳಲ್ಲಿ ಬರೆಯುವ ಪರೀಕ್ಷೆ. ಆನ್‌ಲೈನ್ ಶಾಲೆಯಲ್ಲಿ ಪರೀಕ್ಷಾ ಕೊಠಡಿ ಇರುವುದಿಲ್ಲ, ಹಾಗಾಗಿ ಹತ್ತಿರದ ಯಾವುದಾದರೂ ಶಾಲೆ ಹೊರಗಿನ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಲು ಒಪ್ಪಬೇಕು. ಶಾಲೆಗಳು ಪ್ರಶ್ನೆಪತ್ರಿಕೆಗೆ ಬೇಡಿಕೆ ಸಲ್ಲಿಸುವ ಗಡುವು ನವೆಂಬರ್ ಮಧ್ಯಕ್ಕೆ. ಹಲವು ಶಾಲೆಗಳ ಒಳಗಿನ ಗಡುವು ಅದಕ್ಕೂ ಮೊದಲು. ಮಾರ್ಚ್‌ನಲ್ಲಿ ಫೋನ್ ಮಾಡಿದರೆ ಬಾಗಿಲು ಮುಚ್ಚಿರುತ್ತದೆ. ಸೆಪ್ಟೆಂಬರ್ ಮೊದಲ ವಾರವೇ ಎಪಿ ಸಂಯೋಜಕರಿಗೆ ಬರೆಯಿರಿ, ಒಂದಲ್ಲ, ಮೂರು ನಾಲ್ಕು ಶಾಲೆಗಳಿಗೆ.

ಎಸ್‌ಎಟಿ ಸಲೀಸು. ಈಗ ಪೂರ್ತಿ ಡಿಜಿಟಲ್, ಅದನ್ನು ನಡೆಸುವ ಕಾಲೇಜ್ ಬೋರ್ಡ್‌ನಲ್ಲಿ ನೀವೇ ನೋಂದಾಯಿಸಿಕೊಳ್ಳಬಹುದು.

8. ಅರ್ಜಿ ತುಂಬುವಾಗ

ಪ್ರಬಂಧವನ್ನು "ನಾನು ಆನ್‌ಲೈನ್ ಶಾಲೆಯಲ್ಲಿ ಓದಿದೆ" ಎಂಬುದರ ಸುತ್ತ ಕಟ್ಟಬೇಡಿ. ಅದು ವಿದ್ಯಾರ್ಥಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾಕೆ ಆನ್‌ಲೈನ್ ಎಂಬುದಕ್ಕೆ ಹೆಚ್ಚುವರಿ ಮಾಹಿತಿ ಎಂಬ ಜಾಗವಿದೆ. ಅಲ್ಲಿ ನಾಲ್ಕು ಸಾಲು ಸಾಕು. ಹೀಗೆ: "ಹತ್ತನೇ ತರಗತಿಯ ನಡುವೆ ಅಜ್ಜಿಯ ಅನಾರೋಗ್ಯದಿಂದಾಗಿ ನಮ್ಮ ಕುಟುಂಬ ಡಲ್ಲಸ್‌ನಿಂದ ಮೈಸೂರಿಗೆ ಬಂತು. ಗಣಿತ ಮತ್ತು ವಿಜ್ಞಾನದ ಸರಣಿ ತಪ್ಪಬಾರದೆಂದು ಆನ್‌ಲೈನ್ ಶಾಲೆ ಸೇರಿದೆ. ಆ ವರ್ಷದ ಮೊದಲಾರ್ಧದ ಅಂಕಗಳು ಹಳೆಯ ಶಾಲೆಯ ಅಂಕಪಟ್ಟಿಯಲ್ಲಿವೆ." ದೂರು ಬೇಡ, ಸಮರ್ಥನೆಯೂ ಬೇಡ.

ಗಡುವಿನ ಗಡಿಯಾರ ಎಲ್ಲ ಕಡೆ ಒಂದೇ ಅಲ್ಲ. ಕಾಮನ್ ಆ್ಯಪ್ ಅರ್ಜಿದಾರ ಇರುವ ಊರಿನ ಸಮಯ ನೋಡುತ್ತದೆ. ಬೆಂಗಳೂರಿನಲ್ಲಿದ್ದರೆ ಬೆಂಗಳೂರಿನ ರಾತ್ರಿ 11:59, ಅಮೆರಿಕದ ರಾತ್ರಿಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿ ನವೆಂಬರ್ ಕೊನೆಗೆ ಮುಗಿಯುತ್ತದೆ, ಅದು ಪೆಸಿಫಿಕ್ ಸಮಯ. ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ ಕಡೆ ಮುಂಚಿತ ಅರ್ಜಿಯ ಗಡುವು ಅಕ್ಟೋಬರ್ ಮಧ್ಯದಲ್ಲೇ ಬರುತ್ತದೆ.

ಸಲ್ಲಿಸಿದ ವಾರದೊಳಗೆ ಪ್ರತಿ ವಿಶ್ವವಿದ್ಯಾಲಯವೂ ವಿದ್ಯಾರ್ಥಿಗೊಂದು ಖಾತೆ ಕೊಡುತ್ತದೆ. ಅದರಲ್ಲಿ ಯಾವ ಕಾಗದ ಬಂದಿದೆ, ಯಾವುದು ಬಂದಿಲ್ಲ ಎಂಬ ಪಟ್ಟಿ ಇರುತ್ತದೆ. ಅಂಕಪಟ್ಟಿಯ ಮುಂದೆ "ಬಂದಿಲ್ಲ" ಎಂದಿದ್ದರೆ ಒಂದು ವಾರ ಕಾಯಿರಿ, ಆಮೇಲೆ ಕೌನ್ಸೆಲರ್‌ಗೂ ಪ್ರವೇಶ ಕಚೇರಿಗೂ ಒಂದೇ ಮಿಂಚಂಚೆ ಕಳುಹಿಸಿ. ಇಬ್ಬರಿಗೂ ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

9. ಪ್ರವೇಶ ಸಿಕ್ಕ ಮೇಲೆ

ಸೀಟು ಒಪ್ಪಿಕೊಂಡು ಮುಂಗಡ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೆಯ ದಿನ. ಆಮೇಲೂ ಒಂದು ಅಪಾಯ ಉಳಿದಿರುತ್ತದೆ. ಹನ್ನೆರಡನೇ ತರಗತಿಯ ಎಲ್ಲ ವಿಷಯಗಳು ಮುಗಿದು, ಹೈಸ್ಕೂಲು ಮುಗಿಸಿದ ದಿನಾಂಕ ನಮೂದಾದ ಅಂತಿಮ ಅಂಕಪಟ್ಟಿ ಬೇಸಿಗೆಯಲ್ಲಿ ವಿಶ್ವವಿದ್ಯಾಲಯವನ್ನು ತಲುಪಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅದು ಜುಲೈ 1. ಸ್ವಂತ ವೇಗದ ಶಾಲೆಯಲ್ಲಿ ಅರ್ಥಶಾಸ್ತ್ರವನ್ನು ಆಗಸ್ಟ್‌ಗೆ ಮುಗಿಸಿದರಾಯಿತು ಎಂದು ಬಿಟ್ಟವರ ಪ್ರವೇಶ ರದ್ದಾಗಬಹುದು. ಮೇ ಕೊನೆಗೆ ಎಲ್ಲ ಮುಗಿಸಿಬಿಡಿ.

ಕೊನೆಯದಾಗಿ, ಬಹಳ ತಂದೆತಾಯಂದಿರು ಮೆಲ್ಲಗೆ ಕೇಳುವ ಪ್ರಶ್ನೆ: "ಮೊದಲ ವರ್ಷ ಹೊರಗಿನವರ ಶುಲ್ಕ ಕಟ್ಟಿದರೆ, ಅಲ್ಲೇ ಒಂದು ವರ್ಷ ಇದ್ದದ್ದಾಯಿತಲ್ಲ, ಎರಡನೇ ವರ್ಷದಿಂದ ಕಡಿಮೆಯಾಗುವುದಿಲ್ಲವೇ?" ಸಾಮಾನ್ಯವಾಗಿ ಇಲ್ಲ. ಓದಲೆಂದೇ ರಾಜ್ಯಕ್ಕೆ ಬಂದವರು ಅಲ್ಲಿ ಎಷ್ಟು ವರ್ಷ ಇದ್ದರೂ ತಂದೆತಾಯಿಯ ಆಸರೆಯಲ್ಲಿರುವ ತನಕ ಹೊರಗಿನವರಾಗಿಯೇ ಉಳಿಯುತ್ತಾರೆ. ಮನೆಯವರೇ ಆ ರಾಜ್ಯಕ್ಕೆ ಕೆಲಸ ಬದಲಿಸಿಕೊಂಡು ಬಂದು ನೆಲೆಸಿದರೆ ಆ ಮಾತು ಬೇರೆ. ಹಾಗಾಗಿ ನಾಲ್ಕೂ ವರ್ಷಕ್ಕೆ ಹೊರರಾಜ್ಯದ ದರವನ್ನೇ ಹಾಕಿ, ಪ್ರತಿ ವರ್ಷ ಶುಲ್ಕ ಏರುವುದನ್ನೂ ಸೇರಿಸಿ ಲೆಕ್ಕ ಮಾಡಿ. ಆ ಮೊತ್ತ ಕೈಗೆಟುಕುವ ವಿಶ್ವವಿದ್ಯಾಲಯಗಳನ್ನಷ್ಟೇ ಪಟ್ಟಿಯಲ್ಲಿ ಉಳಿಸಿಕೊಳ್ಳಿ.